ಕೌರಿಯ ಸುಗ್ಗಿ, ನಮ್ಮ ಬರ

ಮಳೆ ಹೋದ ಮೇಲೂ ಅದರ ಕುರುಹು ಉಳಿಯುತ್ತದೆ. ಹೊಳೆ ಉಕ್ಕಿದರೆ ದಡದಲ್ಲಿ ರೇವೆ ಮಣ್ಣು ನಿಲ್ಲುತ್ತದೆ, ಕೆರೆ ಬತ್ತಿದರೆ ಅಂಗಳ ಬಿರುಕು ಬಿಡುತ್ತದೆ, ಧ್ರುವದಲ್ಲಿ ಹಿಮ ಬಿದ್ದರೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಗಾಳಿಗೆ ಇಂಥ ಯಾವ ಅಭ್ಯಾಸವೂ ಇಲ್ಲ. ಬೀಸಿತು, ಹೋಯಿತು. ಆಷಾಢದ ಗಾಳಿ ಹಾರಿಸಿದ ಹೆಂಚನ್ನು ಶ್ರಾವಣಕ್ಕೆ ಮೊದಲೇ ಹೊದಿಸಿಬಿಡುತ್ತೇವೆ. ಆಮೇಲೆ ಆ ಗಾಳಿಗೆ ಸಾಕ್ಷಿ ಎಂದರೆ ನಮ್ಮ ಮಾತು ಮಾತ್ರ. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅದಕ್ಕೂ ಹಿಂದೆ ಹೆಚ್ಚಾಗಿ ಹಡಗಿನ ಕಪ್ತಾನರ ದಿನಚರಿಗಳೇ. ಸಾವಿರ ವರ್ಷದ ಹಿಂದೆ, ಹತ್ತು ಸಾವಿರ ವರ್ಷದ ಹಿಂದೆ ಗಾಳಿ ಯಾವ ಕಡೆಯಿಂದ ಬಂತು, ಎಷ್ಟು ಬಲವಾಗಿತ್ತು ಎಂದು ಯಾರನ್ನು ಕೇಳುವುದು?

ಕೆಲವರು ನ್ಯೂಜಿಲೆಂಡಿನ ಉತ್ತರ ತುದಿಯ ಜೌಗು ನೆಲವನ್ನು ಕೇಳಿದರು. ಅಲ್ಲಿ ಮಣ್ಣಿನಡಿ ಕೌರಿ ಮರಗಳು ಮಲಗಿವೆ. ಕೌರಿ ಎಂದರೆ ಪೈನ್, ದೇವದಾರುಗಳ ದೂರದ ನೆಂಟ. ಎಲೆ ಮಾತ್ರ ಸೂಜಿಯಂತಿಲ್ಲ, ದಪ್ಪವಾಗಿ ತೊಗಲಿನಂತಿದೆ. ಬದುಕಿರುವ ಕೌರಿಗಳಲ್ಲಿ ದೊಡ್ಡದು ವೈಪೊವಾ ಕಾಡಿನ 'ತಾನೆ ಮಹುತಾ' ಎಂಬ ಮರ. ಎತ್ತರ ಸುಮಾರು 51 ಮೀಟರು, ಬುಡದ ಸುತ್ತಳತೆ 13 ಮೀಟರಿಗೂ ಹೆಚ್ಚು. ಕೌರಿ ಬೆಳೆಯುತ್ತಾ ಕೆಳಗಿನ ಕೊಂಬೆಗಳನ್ನು ತಾನೇ ಕಳಚಿ ಹಾಕುತ್ತದೆ. ಅದರಿಂದ ಕಾಂಡ ಗಂಟಿಲ್ಲದೆ ನೆಟ್ಟಗೆ ಏರುತ್ತದೆ. ಸಾವಿರ ವರ್ಷ ಬಾಳುವುದು ಅದಕ್ಕೆ ಹೆಚ್ಚಲ್ಲ.

ಇಂಥ ಮರ ಜೌಗಿಗೆ ಬಿದ್ದರೆ ಕೊಳೆಯುವುದಿಲ್ಲ. ನೀರು ಹುಳಿ, ಕೆಸರಿನಲ್ಲಿ ಆಮ್ಲಜನಕವಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಾರ್ನಿಷ್ ಕಾರ್ಖಾನೆಗಳಿಗೆ ಕೌರಿಯ ರಾಳ ಬೇಕಾದಾಗ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು, ಬ್ರಿಟಿಷರು, ಏಡ್ರಿಯಾಟಿಕ್ ತೀರದ ಡಾಲ್ಮೇಷಿಯಾದಿಂದ ಬಂದ ಬಡವರು ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಈ ಜೌಗುಗಳನ್ನು ಚುಚ್ಚುತ್ತಾ ತಿರುಗಿದರು. ಸಲಾಕೆಗೆ ತಾಗುತ್ತಿದ್ದುದು ಎಷ್ಟೋ ಸಲ ರಾಳವಲ್ಲ, ಇಡೀ ಮರ. ಕೆಲವು ಮೂರು ನಾಲ್ಕು ಸಾವಿರ ವರ್ಷ ಹಳೆಯವು. ಇನ್ನು ಕೆಲವು ಹಳೆಯ ವಸ್ತುಗಳ ವಯಸ್ಸು ಹೇಳುವ ಇಂಗಾಲ-14ರ ಲೆಕ್ಕಕ್ಕೇ ಸಿಗದವು, ಎಂದರೆ 50 ಸಾವಿರ ವರ್ಷಕ್ಕೂ ಆಚೆಯವು.

ಅಂಥದೊಂದು ಮರವನ್ನು ನಾನು ನೋಡಿದ್ದು ಕಾಡಿನಲ್ಲಲ್ಲ, ಅಂಗಡಿಯಲ್ಲಿ. ಆಕ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಕಾರಿನಲ್ಲಿ ಉತ್ತರಕ್ಕೆ ಕರೆದುಕೊಂಡು ಹೋಗಿದ್ದರು. ಹೆದ್ದಾರಿ ಬದಿಯ ಮರದಂಗಡಿಯಲ್ಲಿ ಅಡ್ಡಕೊಯ್ದ ದುಂಡು ಹಲಗೆಯೊಂದನ್ನು ಗೋಡೆಗೆ ಆನಿಸಿಟ್ಟಿದ್ದರು. ಅಂಗಡಿಯಾಕೆ ಒದ್ದೆ ಬಟ್ಟೆಯಿಂದ ಒರೆಸಿದ್ದೇ ತಡ, ಮಂಕಾಗಿದ್ದ ಮರ ಜೇನಿನ ಬಣ್ಣಕ್ಕೆ ತಿರುಗಿ ಒಳಗಿನಿಂದ ಮಿನುಗಿತು. ಚೀಟಿಯಲ್ಲಿ 45 ಸಾವಿರ ವರ್ಷ ಎಂದಿತ್ತು, ಅದರ ಕೆಳಗೆ ಬೆಲೆ.

"ಮನೆಗೆ ಒಯ್ದರೆ ಇದರ ಮೇಲೆ ಕಾಫಿ ಲೋಟ ಇಡಲು ನಿನಗೆ ಮನಸ್ಸು ಬರುತ್ತದೆಯೇನೋ?" ಎಂದರು ಭಾವ.

"ಬೆಲೆ ನೋಡಿದರೆ ಲೋಟ ಕೊಳ್ಳಲೂ ದುಡ್ಡು ಉಳಿಯುವುದಿಲ್ಲ, ಭಾವ" ಎಂದೆ.

ಅವರು ನಗುತ್ತಾ ಮುಂದೆ ಹೋದರು. ನಾನು ಹಲಗೆಗೆ ಮುಖ ಹಚ್ಚಿ ನಿಂತೆ. ಹೆಬ್ಬೆರಳಿನ ಉಗುರಿನಗಲದಲ್ಲಿ ಎಂಟೊಂಬತ್ತು ಗೆರೆಗಳು. ಒಂದು ಕಡೆ ಅಗಲ, ಮುಂದೆ ನಾಲ್ಕೈದು ಒಂದಕ್ಕೊಂದು ಅಂಟಿಕೊಂಡಂತೆ ಸಣ್ಣ, ಮತ್ತೆ ಅಗಲ. ಒಂದು ಗೆರೆಯ ಮೇಲೆ ಉಗುರಿಟ್ಟು ಸುತ್ತ ಹೋದರೆ ಅರ್ಧ ದಾರಿಯಲ್ಲಿ ಅದು ಪಕ್ಕದ ಗೆರೆಯೊಳಗೆ ಸೇರಿ ಮಾಯವಾಯಿತು. ಕೌರಿಯ ಚಾಳಿಯೇ ಅದು ಎಂದು ಆಮೇಲೆ ಓದಿ ತಿಳಿದೆ. ಕೆಲವು ವರ್ಷ ಕಾಂಡದ ಒಂದು ಮಗ್ಗುಲಲ್ಲಿ ಮಾತ್ರ ಬೆಳೆದು ಇನ್ನೊಂದು ಮಗ್ಗುಲಲ್ಲಿ ಸುಮ್ಮನಿರುತ್ತದೆ. ಆದ್ದರಿಂದ ಒಂದೇ ಗೆರೆಯ ಮೇಲೆ ಎಣಿಸಿದವನು ಮೋಸ ಹೋಗುತ್ತಾನೆ. ಒಂದೇ ಬಿಲ್ಲೆಯಲ್ಲಿ ತಿರುಳಿನಿಂದ ತೊಗಟೆಯವರೆಗೆ ಹಲವು ಕಡೆ ಎಣಿಸಿ ತಾಳೆ ನೋಡಬೇಕು.

ಪ್ರಯೋಗಾಲಯದ ಕೆಲಸ ಮೊದಮೊದಲು ಬಡಗಿಯ ಕೆಲಸವೇ. ಬಿಲ್ಲೆಯನ್ನು ಒಣಗಿಸಿ, ಒರಟಿನಿಂದ ನಯದವರೆಗೆ ಒಂದಾದ ಮೇಲೊಂದು ಸ್ಯಾಂಡ್‌ಪೇಪರ್ ಹಾಕಿ, ಒಂದೊಂದು ಜೀವಕೋಶವೂ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ಕಾಣುವಷ್ಟು ಉಜ್ಜುತ್ತಾರೆ. ಹತ್ತು ವರ್ಷಕ್ಕೊಂದು ಚುಕ್ಕೆ, ಐವತ್ತಕ್ಕೆ ಎರಡು, ನೂರಕ್ಕೆ ಮೂರು. ಪ್ರತಿ ಉಂಗುರದ ಅಗಲವನ್ನೂ ಅಳೆದು ಬರೆಯುತ್ತಾರೆ. ಆಮೇಲಿನದು ನನಗೆ ಕನ್ನಡ ಮೇಷ್ಟರ ತರಗತಿಯಂತೆ ಕಾಣುತ್ತದೆ. ಅಗಲ ಉಂಗುರ ಗುರು, ಸಣ್ಣ ಉಂಗುರ ಲಘು ಎಂದುಕೊಂಡು ಪ್ರಸ್ತಾರ ಹಾಕಿ. ಒಂದು ಮರದ ಕೊನೆಯ ಇನ್ನೂರು ವರ್ಷಗಳ ಪ್ರಸ್ತಾರ ಇನ್ನೊಂದು ಮರದ ಮೊದಲ ಇನ್ನೂರು ವರ್ಷಗಳಿಗೆ ಸರಿಹೊಂದಿದರೆ, ಎರಡೂ ಆ ಇನ್ನೂರು ವರ್ಷ ಒಟ್ಟಿಗೆ ಬಾಳಿದವು ಎಂದರ್ಥ. ಹೀಗೆ ಬದುಕಿರುವ ಮರದಿಂದ ಹಳೆಯ ಮನೆಯ ತೊಲೆಗೆ, ತೊಲೆಯಿಂದ ಜೌಗಿನ ಮರಕ್ಕೆ ದಾಟುತ್ತಾ ಹೋಗಬಹುದು. ಈ ವಿದ್ಯೆಗೆ ಅಡಿಪಾಯ ಹಾಕಿದ ಆ್ಯಂಡ್ರೂ ಡಗ್ಲಸ್ ಅಮೆರಿಕದ ಅರಿಜೋನಾದ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಲೆಕ್ಕ ಮರದಲ್ಲಿ ಸಿಕ್ಕೀತೇ ಎಂದು ಹುಡುಕಲು ಹೊರಟು, 1929ರಲ್ಲಿ ಒಂದು ಸುಟ್ಟ ತೊಲೆಯ ನೆರವಿನಿಂದ ಅಲ್ಲಿನ ಮೂಲನಿವಾಸಿಗಳ ಪಾಳು ಮನೆಗಳಿಗೆ ವರ್ಷ ಹಚ್ಚಿಕೊಟ್ಟ. ಕೌರಿಯಲ್ಲಿ ಈ ಸರಪಣಿಯನ್ನು ಆಕ್ಲೆಂಡ್ ವಿಶ್ವವಿದ್ಯಾಲಯದ ಆ್ಯಂಥನಿ ಫೌಲರ್, ಗ್ರೆಟಲ್ ಬೋಸ್ವೈಕ್ ಮತ್ತು ಜೊತೆಯವರು ಕಡಿಯದೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಕ್ಕೆ ಒಯ್ದಿದ್ದಾರೆ.

ಸರಿ, ಇದರಲ್ಲಿ ಗಾಳಿ ಎಲ್ಲಿದೆ?

ಮೊದಲು ಹೊಳೆಯುವ ದಾರಿ ಒಂದಿದೆ. ಒಂದೇ ಕಡೆಯಿಂದ ಗಾಳಿ ಹೊಡೆಯುವಲ್ಲಿ ಮರ ವಾಲುತ್ತದೆ. ಪೈನ್ ಜಾತಿಯ ಮರಗಳು ವಾಲಿದ ಕಡೆಗೆ, ಅಂದರೆ ಗಾಳಿಯ ಮರೆಯ ಮಗ್ಗುಲಿಗೆ, ಅಗಲವಾದ ಕಪ್ಪು ಛಾಯೆಯ ಗಟ್ಟಿ ಉಂಗುರಗಳನ್ನು ಕಟ್ಟಿಕೊಂಡು ಒತ್ತುಗೊಡುತ್ತವೆ. ಬಿಲ್ಲೆ ನೋಡಿದರೆ ತಿರುಳು ನಡುವಿನಲ್ಲಿರದೆ ಪಕ್ಕಕ್ಕೆ ಸರಿದಿರುತ್ತದೆ. ಆದರೆ ಮರ ವಾಲಲು ಗಾಳಿಯೇ ಬೇಕೆಂದಿಲ್ಲ. ಇಳಿಜಾರು ಸಾಕು, ಬುಡದ ಮಣ್ಣು ಸರಿದರೆ ಸಾಕು, ಪಕ್ಕದ ಮರ ಬಿದ್ದು ಒಂದು ಕಡೆ ಬೆಳಕು ಬಂದರೂ ಸಾಕು. ಜೌಗಿನಲ್ಲಿ ಬಿದ್ದ ಮರದ ಯಾವ ಮಗ್ಗುಲು ಯಾವ ದಿಕ್ಕಿಗಿತ್ತು ಎಂದು ಹೇಳುವವರೂ ಇಲ್ಲ. ಹಾಗಾಗಿ ಗಾಳಿಯನ್ನು ನೇರವಾಗಿ ಹಿಡಿಯುವ ಈ ಆಸೆ ಹೆಚ್ಚು ದೂರ ಹೋಗುವುದಿಲ್ಲ.

ಬಳಸುದಾರಿಯೇ ಗಟ್ಟಿ. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಎರಡರಿಂದ ಏಳು ವರ್ಷಗಳಿಗೊಮ್ಮೆ ಬಿಸಿಯೇರುತ್ತದೆ. ಇದೇ ಎಲ್ ನಿನೊ. ಆಗ ನ್ಯೂಜಿಲೆಂಡಿನ ಮೇಲೆ ಪಶ್ಚಿಮ ಮತ್ತು ನೈಋತ್ಯದ ಗಾಳಿಗೆ ಬಲ ಬರುತ್ತದೆ, ಉತ್ತರ ತುದಿಯಲ್ಲಿ ತಂಪೂ ಒಣಹವೆಯೂ ಹೆಚ್ಚುತ್ತವೆ. ಇದರ ಎದುರಾಳಿ ಲಾ ನಿನಾ ಬಂದರೆ ಈಶಾನ್ಯದಿಂದ ಬೆಚ್ಚನೆಯ, ತೇವದ ಗಾಳಿ. ಮಳೆ ಬಂದರೆ ಮರ ದಪ್ಪವಾಗುತ್ತದೆ ಎಂಬ ನಮ್ಮ ಲೆಕ್ಕಾಚಾರ ಕೌರಿಗೆ ನಡೆಯುವುದಿಲ್ಲ. ಎಲ್ ನಿನೊ ವರ್ಷಗಳ ಒಣ, ತಂಪು ಹವೆಯಲ್ಲೇ ಅದು ಅಗಲ ಉಂಗುರ ಕಟ್ಟುತ್ತದೆ. ಲಾ ನಿನಾ ವರ್ಷಗಳಲ್ಲಿ ಸೊರಗುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಮರ ಬೇರೆ ಇರಲಾರದು. ಆದ್ದರಿಂದ ಕೌರಿಯ ಅಗಲ ಉಂಗುರ ಎಂದರೆ, ಬಹುಮಟ್ಟಿಗೆ, ಪಡುವಣ ಗಾಳಿ ಜೋರಾಗಿದ್ದ ಒಂದು ವರ್ಷ. ಫೌಲರ್ ತಂಡ 2012ರಲ್ಲಿ ಏಳು ಶತಮಾನಗಳ ಕೌರಿ ಉಂಗುರಗಳನ್ನು ಹರಡಿಕೊಂಡು, ಭೂಮಿಯ ಬಿಸಿಯಲ್ಲಾದ ದೊಡ್ಡ ಏರಿಳಿತಗಳೊಂದಿಗೆ ಎಲ್ ನಿನೊ, ಲಾ ನಿನಾಗಳ ಈ ತೂಗಾಟವೂ ಹೆಚ್ಚು ಕಡಿಮೆಯಾಗಿದೆ ಎಂದು ತೋರಿಸಿತು. ಭೂಮಿ ಬಿಸಿಯಾದಂತೆ ಆ ಭಾಗದಲ್ಲಿ ಎಲ್ ನಿನೊ, ಲಾ ನಿನಾಗಳ ಕೈ ಮೇಲಾಗಲಿದೆ ಎಂಬುದು ಅವರ ಅನುಮಾನ.

ನನ್ನನ್ನು ಈ ವಿಷಯದಲ್ಲಿ ಕಟ್ಟಿಹಾಕಿದ್ದು ಇದೇ ಜಾಗ. ಎಲ್ ನಿನೊ ಎಂದರೆ ನಮಗೇನು? 2023ನ್ನು ನೆನಪಿಸಿಕೊಂಡರೆ ಸಾಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಇನ್ನೂ ಹಿಂದೆ ಹೋದರೆ ಧಾತು, ಈಶ್ವರ ಸಂವತ್ಸರಗಳ ಬರ. 1876ರಲ್ಲಿ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು, 1877ರಲ್ಲಿ ಕಳೆದ ನೂರೈವತ್ತು ವರ್ಷಗಳಲ್ಲೇ ಅತಿ ಪ್ರಬಲವಾದ ಎಲ್ ನಿನೊಗಳಲ್ಲಿ ಒಂದು ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ನಮ್ಮ ಹಿರಿಯರು ಗೆಡ್ಡೆ ಗೆಣಸು ಅಗೆದು ತಿಂದ ಕಾಲ. ಅಂಥದೇ ವರ್ಷಗಳು ಸಾಗರದಾಚೆಯ ಕೌರಿಗೆ ಸಾಮಾನ್ಯವಾಗಿ ಸುಗ್ಗಿ. ಅಂಗಡಿಯ ಹಲಗೆಯಲ್ಲಿ ನಾನು ಕಂಡ ಅಗಲ ಗೆರೆಗಳು ಎಷ್ಟು ಚೆಂದವಾಗಿದ್ದವು! ಅವು ಯಾರ ಬರ ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ. ಉಂಗುರ ಅಗಲವಾಗಿದ್ದರೆ 'ಒಳ್ಳೆಯ ವರ್ಷ' ಎಂದು ಶಾಲಾ ಪುಸ್ತಕಗಳು ಹೇಳುತ್ತವಲ್ಲ, ಆ ಮಾತಿನ ಮೇಲೆ ನನಗೀಗ ಸಿಟ್ಟೇ ಬರುತ್ತದೆ.

ಎರಡು ತೀರಗಳ ನಡುವಿನ ಈ ನಂಟನ್ನು ಗಟ್ಟಿಯಾಗಿ ಅಂಕಿಗಳಲ್ಲಿ ಹಿಡಿದದ್ದೂ ಭಾರತದಲ್ಲಿ ಕುಳಿತವರೇ. 1904ರಲ್ಲಿ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಮುಂಗಾರನ್ನು ಮುಂಚಿತವಾಗಿ ಹೇಳುವುದು ಹೇಗೆಂದು ಲೋಕದ ಎಲ್ಲ ಕಡೆಯ ವಾಯುಭಾರದ ಅಂಕಿಗಳನ್ನು ತರಿಸಿ ಗುಣಿಸಿ ಭಾಗಿಸಿದವನಿಗೆ, ಪೆಸಿಫಿಕ್ ಕಡೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬುದು ಕಂಡಿತು. ಮುಂಗಾರನ್ನು ಹೇಳಲು ಅವನಿಗೆ ಪೂರ್ತಿ ಸಾಧ್ಯವಾಗಲಿಲ್ಲ. ಮರಗಳನ್ನಂತೂ ಅವನು ಕೇಳಿರಲಿಲ್ಲ.

ಮರಗಳನ್ನು ಕೇಳಿದವರು ಪುಣೆಯವರು. ಅಲ್ಲಿನ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ಬೋರ್ಗಾಂವ್‌ಕರ್ ಮತ್ತು ಸಂಗಡಿಗರು 2010ರಲ್ಲಿ ಕೇರಳದ ತೇಗದ ಉಂಗುರಗಳ ದಾಖಲೆಯನ್ನು ಪ್ರಕಟಿಸಿದರು; 1481ರಿಂದ 2003ರವರೆಗೆ, 523 ವರ್ಷ. ತೇಗ ಇಂಥ ಓದಿಗೆ ಹೇಳಿ ಮಾಡಿಸಿದ ಮರ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತು, ಮಳೆಗಾಲಕ್ಕೆ ಎದ್ದಾಗ ಮೊದಲು ದೊಡ್ಡ ದೊಡ್ಡ ರಂಧ್ರಗಳ ಒಂದು ಸಾಲು ಹಾಕುತ್ತದೆ. ಹೊಸದಾಗಿ ಕೊಯ್ದ ತೇಗದ ತುದಿಯಲ್ಲಿ ಈ ಸಾಲು ಬರಿಗಣ್ಣಿಗೂ ಕಾಣುತ್ತದೆ. ಮುಂಗಾರು ಕೈಕೊಟ್ಟ ಎಲ್ ನಿನೊ ವರ್ಷಗಳಲ್ಲಿ ತೇಗದ ಉಂಗುರ ಸಣ್ಣ. ಕೌರಿ ಹಿಗ್ಗುವ ಹೊತ್ತಿಗೆ ತೇಗ ಕುಗ್ಗುತ್ತದೆ. ಒಂದೇ ಗಾಳಿಯ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕುಳಿತ ಎರಡು ಮರಗಳು ಒಂದನ್ನೊಂದು ನೋಡದೆ ಒಂದೇ ವರ್ಷದ ಸುದ್ದಿಯನ್ನು ವಿರುದ್ಧ ಅಕ್ಷರಗಳಲ್ಲಿ ಬರೆದಿಟ್ಟಿವೆ. ಒಂದೇ ಮರದ ಮಾತನ್ನು ಅನುಮಾನಿಸಬಹುದು, ಇಬ್ಬರ ಸಾಕ್ಷಿ ಕೂಡಿದರೆ ಅಷ್ಟು ಸುಲಭವಲ್ಲ. ಹಾಗೆಂದು ಪ್ರತಿ ಎಲ್ ನಿನೊವೂ ನಮಗೆ ಬರ ತರುವುದಿಲ್ಲ. 1997ರ ಎಲ್ ನಿನೊ ಭಾರಿಯಾಗಿತ್ತು, ಆ ವರ್ಷ ದೇಶದ ಮುಂಗಾರು ತನ್ನ ಪಾಡಿಗೆ ತಾನು ಚೆನ್ನಾಗಿಯೇ ಸುರಿಯಿತು.

ಉಂಗುರದ ಅಗಲ ಒಂದು ಸಾಕ್ಷಿಯಾದರೆ, ಉಂಗುರದೊಳಗಿನ ಇಂಗಾಲ ಇನ್ನೊಂದು. ಇದು ಇನ್ನೂ ಸೂಕ್ಷ್ಮ. ಬ್ರಹ್ಮಾಂಡದಿಂದ ಬರುವ ಕಿರಣಗಳು ನಮ್ಮ ವಾತಾವರಣದಲ್ಲಿ ಇಂಗಾಲ-14 ಹುಟ್ಟಿಸುತ್ತವೆ. 5,730 ವರ್ಷಕ್ಕೆ ಅದು ಅರ್ಧವಾಗುತ್ತದೆ. ಮರ ಆ ವರ್ಷದ ಗಾಳಿಯನ್ನು ಉಸಿರಾಡಿ ಆ ವರ್ಷದ ಉಂಗುರದಲ್ಲಿ ಕಟ್ಟಿಡುತ್ತದೆ. ನ್ಯೂಜಿಲೆಂಡಿಗೂ ಅಂಟಾರ್ಕ್ಟಿಕಾಕ್ಕೂ ನಡುವೆ ಭೂಮಿಯನ್ನು ಸುತ್ತುವ ಪಡುವಣ ಗಾಳಿಗೆ ತಡೆಯಲು ಬೆಟ್ಟವಿಲ್ಲ, ಬಯಲಿಲ್ಲ, ಬರೀ ನೀರು. ನಾವಿಕರು ಆ ಅಕ್ಷಾಂಶಗಳನ್ನು ಅಬ್ಬರಿಸುವ ನಲವತ್ತುಗಳು ಎಂದು ಕರೆದದ್ದು ಸುಮ್ಮನೆ ಅಲ್ಲ. ಈ ಗಾಳಿ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳಿದಾಗ ನೂರಾರು ವರ್ಷಗಳಿಂದ ಬೆಳಕು ಕಾಣದ ಆಳದ ನೀರು ಮೇಲೇಳುತ್ತದೆ. ಅದರಲ್ಲಿರುವ ಇಂಗಾಲ ಹಳತು, ಇಂಗಾಲ-14 ಸವೆದುಹೋದದ್ದು. ಅದು ಗಾಳಿಗೆ ಬೆರೆತಾಗ ದಕ್ಷಿಣದ ಮರಗಳು ಉತ್ತರದ ಸಮವಯಸ್ಕ ಮರಗಳಿಗಿಂತ ಸರಾಸರಿ ಸುಮಾರು 40 ವರ್ಷ ಹಳೆಯವಂತೆ ತೋರುತ್ತವೆ. ಈ ಅಂತರ ಸದಾ ಒಂದೇ ಸಮನಾಗಿಲ್ಲ. ಅಂತರ ಹಿಗ್ಗಿದ ಕಾಲದಲ್ಲಿ ಆಳದ ನೀರು ಹೆಚ್ಚು ಮೇಲೆದ್ದಿರಬೇಕು. ಗಾಳಿ ಹೆಚ್ಚು ಬೀಸಿರಬೇಕು, ಇಲ್ಲವೇ ದಕ್ಷಿಣಕ್ಕೆ ಸರಿದಿರಬೇಕು. ಸಮುದ್ರದ ಮೇಲಿನ ಮಂಜುಗಡ್ಡೆ, ದೂರದ ಪ್ರವಾಹಗಳು ಕೂಡ ಇದರಲ್ಲಿ ಕೈಯಾಡಿಸುತ್ತವೆ. ಆದ್ದರಿಂದ ಇದು ಗಾಳಿಯ ನೇರ ಹೇಳಿಕೆಯಲ್ಲ, ಗಾಳಿಯನ್ನು ಒಬ್ಬ ಮುಖ್ಯ ಶಂಕಿತನನ್ನಾಗಿಸುವ ಪುರಾವೆ. ವೈಕಾಟೊ ವಿಶ್ವವಿದ್ಯಾಲಯದ ಆ್ಯಲನ್ ಹಾಗ್ ಮತ್ತು ಸಂಗಡಿಗರು ಸುಮಾರು 12,900 ವರ್ಷಗಳ ಹಿಂದೆ ಯುರೋಪಿಗೆ ಏಕಾಏಕಿ ಚಳಿ ಮರಳಿದ ಕಾಲದ ಕೌರಿಗಳನ್ನು ಟೊವಾಯ್ ಎಂಬಲ್ಲಿಂದ ಅಗೆದು, ಉತ್ತರದ ಮರಗಳೊಡನೆ ಹೀಗೆ ಹೋಲಿಸಿ, ಅಟ್ಲಾಂಟಿಕ್ ಪ್ರವಾಹಗಳ ಏರುಪೇರನ್ನು 2016ರಲ್ಲಿ ಬಿಡಿಸಿಟ್ಟರು.

ಮರದ ಮಾತಿಗಿಂತ ಮರದ ಬಗ್ಗೆ ಆಡುವ ಮಾತು ದೊಡ್ಡದಾಗುವುದೂ ಉಂಟು. 2019ರಲ್ಲಿ ನಾವ್ಹಾ ಎಂಬಲ್ಲಿ ಭೂಶಾಖದ ವಿದ್ಯುತ್ ಸ್ಥಾವರಕ್ಕೆ ನೆಲ ಅಗೆಯುವಾಗ 16 ಮೀಟರ್ ಉದ್ದದ, 60 ಟನ್ ತೂಕದ ಕೌರಿ ಸಿಕ್ಕಿತು. ಸುಮಾರು 42 ಸಾವಿರ ವರ್ಷಗಳ ಹಿಂದೆ 1,700 ವರ್ಷ ಬದುಕಿದ್ದ ಮರ ಅದು. ಭೂಮಿಯ ಕಾಂತಕ್ಷೇತ್ರ ಕುಗ್ಗಿ ಸ್ವಲ್ಪ ಕಾಲ ತಲೆಕೆಳಗಾದ ಘಟ್ಟವನ್ನು ಅದರ ಆಯುಷ್ಯ ಪೂರ್ತಿ ದಾಟಿತ್ತು. ಫ್ರಾನ್ಸಿನ ಲಾಶಾಂ ಊರಿನ ಲಾವಾದಲ್ಲಿ ಮೊದಲು ಪತ್ತೆಯಾದ್ದರಿಂದ ಆ ಘಟ್ಟಕ್ಕೆ ಲಾಶಾಂ ಎಂದೇ ಹೆಸರು. ಕಾಂತಕ್ಷೇತ್ರದ ಕವಚ ತೆಳುವಾದಾಗ ಕಿರಣಗಳು ಹೆಚ್ಚು ಒಳಬಂದು ಇಂಗಾಲ-14 ಏರಿದ್ದು ಅಲ್ಲಿನ ಕೌರಿಗಳ ಉಂಗುರಗಳಲ್ಲಿ ಸೊಗಸಾಗಿ ದಾಖಲಾಗಿದೆ. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಈ ಉಂಗುರಗಳ ಬಗ್ಗೆ 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧ ಅಲ್ಲಿಂದ ಮುಂದೆ ನೆಗೆದು ಓಜೋನ್ ಕುಸಿತ, ಪೆಸಿಫಿಕ್‌ನ ಮಳೆಪಟ್ಟಿ ಮತ್ತು ಪಡುವಣ ಗಾಳಿಗಳ ಸ್ಥಾನಪಲ್ಲಟ, ಆಸ್ಟ್ರೇಲಿಯಾದ ದೊಡ್ಡ ಪ್ರಾಣಿಗಳ ಅಳಿವು, ನಿಯಾಂಡರ್ತಾಲರ ಅಂತ್ಯ, ಗುಹಾಚಿತ್ರಗಳ ಹುಟ್ಟು ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿತು. ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳು ತಕರಾರು ಬರೆದರು; ಪ್ರಾಣಿಗಳ ಅಳಿವಿನ ಕಾಲ ಹೊಂದುವುದಿಲ್ಲ, ನಿಯಾಂಡರ್ತಾಲರ ಕಾಲ ಹೊಂದುವುದಿಲ್ಲ ಎಂದು. ನನಗೆ ಉಂಗುರಗಳ ಮೇಲೆ ಪೂರ್ತಿ ನಂಬಿಕೆ, ದಾರದ ಮೇಲೆ ಅಷ್ಟಿಲ್ಲ.

ಮರವೇ ಇಲ್ಲದಿರುವುದೂ ಗಾಳಿಯ ಸಹಿ ಎಂಬುದಕ್ಕೆ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳನ್ನು ನೋಡಬೇಕು. ಅಲ್ಲಿಗೇ ಸ್ವಂತದ್ದಾದ ಮರ ಎಂದು ಒಂದೂ ಇಲ್ಲ. ಪಡುವಣ ಗಾಳಿ ಹುಲ್ಲನ್ನೂ ಪೊದೆಯನ್ನೂ ಬಿಟ್ಟು ಬೇರೇನನ್ನೂ ಮೇಲೇಳಲು ಬಿಡುವುದಿಲ್ಲ. 2020ರಲ್ಲಿ ಸ್ಟ್ಯಾನ್ಲಿ ಪಟ್ಟಣದಲ್ಲಿ ಕಟ್ಟಡಕ್ಕೆ ಅಗೆದಾಗ ಆರು ಮೀಟರ್ ಆಳದಲ್ಲಿ ಮರದ ಕಾಂಡಗಳು ಸಿಕ್ಕವು. ನೋಡಿದರೆ ಸಮುದ್ರ ತಂದು ಹಾಕಿದ ಇತ್ತೀಚಿನ ಕಟ್ಟಿಗೆಯಂತಿತ್ತಂತೆ. ಇಂಗಾಲ-14 ಕೈಚೆಲ್ಲಿತು. ಸುತ್ತಲಿನ ಮಣ್ಣಿನ ಪರಾಗ ನೋಡಿ ಝೊಯೀ ಥಾಮಸ್ ಮತ್ತು ಸಂಗಡಿಗರು 2024ರಲ್ಲಿ ಹೇಳಿದ ವಯಸ್ಸು 150 ಲಕ್ಷದಿಂದ 300 ಲಕ್ಷ ವರ್ಷ. ಅಂದು ಅಲ್ಲಿ ಇಂದಿಗಿಂತ ಬೆಚ್ಚನೆಯ, ತೇವದ ಹವೆಯ ಕಾಡಿತ್ತು.

ಇಷ್ಟೆಲ್ಲ ಓದಬಹುದಾದ ಮರ ಮೇಜಾಗುತ್ತಿರುವುದು ನ್ಯೂಜಿಲೆಂಡಿನಲ್ಲೂ ಜಗಳಕ್ಕೆ ಕಾರಣವಾಗಿದೆ. ಅಲ್ಲಿನ ಕಾಯ್ದೆಯಂತೆ ಜೌಗಿನ ಕೌರಿಯನ್ನು ದಿಮ್ಮಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ, ಸಿದ್ಧವಸ್ತುವಾಗಿ ಕಳಿಸಬಹುದು. ವ್ಯಾಪಾರಿಗಳು ದಿಮ್ಮಿಯ ಮೇಲೆ ಒಂದಿಷ್ಟು ಕೆತ್ತಿ 'ದೇಗುಲದ ಕಂಬ' ಎಂದರು, ಒರಟು ಹಲಗೆಗೆ 'ಮೇಜಿನ ಮೇಲ್ಮೈ' ಎಂದರು. ನಾರ್ತ್‌ಲ್ಯಾಂಡಿನ ಒಂದು ಪರಿಸರ ಸಂಘ ಬಿಡದೆ ಹೋರಾಡಿ, 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಜಾಣತನ ನಡೆಯದು ಎಂದಿತು. ನಾವ್ಹಾದ ಮರದ ಪುಣ್ಯ ದೊಡ್ಡದು. ಅದನ್ನು ಅಲ್ಲಿನ ಮಾವೊರಿಗಳಿಗೆ, ಅವರು ಸೇರುವ ಪವಿತ್ರ ಜಾಗವಾದ ಮರಾಯೆಗೆ ಒಪ್ಪಿಸಲಾಯಿತು.

ನಾವು ಅವರನ್ನು ಆಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮಲೆನಾಡಿನಲ್ಲಿ ಹಳೆಯ ಮನೆ ಕೆಡವುತ್ತಾರೆ ಎಂಬ ಸುದ್ದಿ ಹರಡಿದರೆ ಸಾಕು, ಕಂಬ, ದಾರಂದ, ತೊಲೆ, ಮುಚ್ಚಿಗೆ ಹಲಗೆಗಳಿಗೆ ಲಾರಿ ಬಂದು ನಿಲ್ಲುತ್ತದೆ. ಎಲ್ಲವೂ ಎಲ್ಲೋ ರೆಸಾರ್ಟಿನ ಜಗಲಿ ಸೇರುತ್ತವೆ. ಹಲಸಿನ ಕಂಬದಲ್ಲಿ ವರ್ಷದ ಗೆರೆ ಸ್ಪಷ್ಟವಾಗಿ ಸಿಗುವುದಿಲ್ಲ. ತೇಗದ ತೊಲೆಯಾದರೆ ಅದರಲ್ಲಿ ಹವಾಮಾನ ಇಲಾಖೆ ಹುಟ್ಟುವ ಮುಂಚಿನ ನೂರು ಮುಂಗಾರುಗಳು ಇರಬಹುದು. ಧಾತು, ಈಶ್ವರದ ಎರಡು ಗೆರೆಗಳೂ ಯಾವುದೋ ಅಟ್ಟದ ತೊಲೆಯಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಒಂದು ತೊಡಕು ಉಂಟು. ಹೊರಗಿನ ಬಿಳಿ ಕಟ್ಟಿಗೆಗೆ ಹುಳ ಹಿಡಿಯುತ್ತದೆಂದು ಆಚಾರಿಗಳು ಅದನ್ನು ಚೆಕ್ಕಿ ತೆಗೆದಿರುತ್ತಾರೆ. ಹಾಗಾಗಿ ಮರ ಕಡಿದ ವರ್ಷ ಸಿಗುವುದಿಲ್ಲ, ಒಳಗಿನ ವರ್ಷಗಳು ಮಾತ್ರ ಬೇರೆ ತೇಗದ ದಾಖಲೆಯೊಂದಿಗೆ ಹೊಂದಿಸಿದರೆ ಸಿಗುತ್ತವೆ. ತೊಲೆ ಹೊರಿಸುವ ಮೊದಲು ತುದಿಯಿಂದ ಎರಡಂಗುಲದ ಒಂದು ಬಿಲ್ಲೆ ಕೊಯ್ದು, ಊರು, ಮನೆತನ, ಮನೆ ಕಟ್ಟಿದ ಅಂದಾಜು ಕಾಲ ಬರೆದು ಎತ್ತಿಟ್ಟುಕೊಂಡರೆ ಮುಂದೆ ಯಾರಾದರೂ ಓದಿಯಾರು. ಎರಡಂಗುಲ ಗಿಡ್ಡವಾಯಿತೆಂದು ಲಾರಿಯವನು ಐನೂರು ಕಡಿಮೆ ಮಾಡಿದರೆ ಮಾಡಲಿ.